ಕಲ್ಲು ಎಂಬ ಪದದ ಅರ್ಥವಿಸ್ತಾರ

ನಿತ್ಯದ ಬಳಕೆಯಿಂದ ಸವೆದ ಪದಗಳಲ್ಲಿಯೇ ನಾಡಿನ ಚರಿತ್ರೆಯು ಅನೇಕ ವೇಳೆ ಹುದುಗಿರುವುದು. ಹಳಗನ್ನಡದಲ್ಲಿ ‘ಕಲ್’ ಎಂದಿದ್ದು ಹೊಸಗನ್ನಡದಲ್ಲಿ ‘ಕಲ್ಲು’ ಎನಿಸಿದ ಎರಡಕ್ಷರದ ಮಾತು ಅಂತಹುದು.

ಬೀಸುವ ಕಲ್ಲು, ಒರಳುಕಲ್ಲು, ಒಗೆಯುವ ಕಲ್ಲು ಇವು ಮನೆಯ ಸಾಧನಗಳು. ಆಗಸದಿಂದ ಬೀಳುವ ಹಿಮದ ಗಟ್ಟಿಯು ಆಲಿಕಲ್ಲು. ಹರಳುಗಟ್ಟಿದ ಸಿಹಿಯು ಕಲ್ಲುಸಕ್ಕರೆ. ಇಲ್ಲಿ ಕಾಠಿಣ್ಯವೊಂದೇ ಹೋಲಿಕೆಗೆ ಆಧಾರವು. ಕನಿಕರವಿಲ್ಲದವನದು ಕಲ್ಲೆದೆ, ಆದರೆ ಮಗನನ್ನು ಕಳೆದುಕೊಂಡ ತಾಯಿಯು ಎದೆಯನ್ನು ಕಲ್ಲುಮಾಡಿಕೊಂಡು ಬಾಳಿದಳೆಂದಾಗ ಅದೇ ಮಾತು ಧೈರ್ಯಕ್ಕೆ ಸಲ್ಲುವುದು. ಕೆಲಸ ಕೆಟ್ಟರೆ ಅದಕ್ಕೆ ಕಲ್ಲು ಬಿದ್ದಿತೆನ್ನುವರು. ಚಿನ್ನದ ಗುಣವನ್ನು ತಿಳಿಸುವ ಒರೆಗಲ್ಲಿನ ಹೆಸರನ್ನೇ ಸ್ನೇಹವನ್ನು ಪರೀಕ್ಷಿಸುವ ಕಷ್ಟಕಾಲಕ್ಕೂ ಕೊಡುವರು.

ಚರಿತ್ರೆಯಲ್ಲಿಯಾದರೋ ಕಲ್ಲು ಎಂದರೆ ನಂಬಿಕೆಯು. ಓಲೆಯು ಹುಳು ಹಿಡಿಯುವುದು, ಆಡಿದ ಮಾತು ಮರೆಯುವುದು. ಆದುದರಿಂದ ಅಳಿಯಬಾರದುದನ್ನು ಹಿಂದಿನವರು ಕಲ್ಲಿಗೆ ಒಪ್ಪಿಸಿದರು. ಭೂಮಿಯ ಮೇರೆಗೆ ಎಲ್ಲೆಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಗಲ್ಲು, ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ ವೀರಗಲ್ಲು. ಶೈವ ದೇವಾಲಯಮಠಗಳಿಗೆ ಬಿಟ್ಟ ಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲು ನಿಲ್ಲುತ್ತಿದ್ದಿತು. ಗಂಗರ ಕಾಲದ ಶಾಸನಗಳಲ್ಲಿ, ಮಡಿದ ವೀರನ ನಿಮಿತ್ತ ಬಿಟ್ಟ ಭೂಮಿಗೆ ‘ಕಲ್ನಾಡು’ ಎಂಬ ಹೆಸರೇ ಇರುವುದು.

ಈ ನಂಬಿಕೆಯು ಮನುಷ್ಯರಿಗೆ ಮಾತ್ರ ಮೀಸಲಾಗಿರಲಿಲ್ಲ. ಕ್ರಿ. ಶ. 949-50ರ ಆತಕೂರಿನ ಶಾಸನವನ್ನು ನೋಡಬಹುದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನು, ತನ್ನೊಡೆಯನಾದ ಗಂಗ ಬೂತುಗನಲ್ಲಿ ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರನು ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟುಮಾಡಲಾಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ಗೆದ್ದ ಸಂಗತಿಯೂ ಅದೇ ಕಲ್ಲಿನಲ್ಲಿರುವುದು. ನಾಯಿಯ ನೆನಪಿಗೆ ನಿಂತ ಕಲ್ಲು ದೊರೆಗಳ ಚರಿತ್ರೆಗೂ ಸಾಕ್ಷಿಯಾಯಿತು.

1886ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವನ್ನು ಹೊರತಂದ ಬಿ. ಎಲ್. ರೈಸರು ಆ ಮಾಲೆಯಲ್ಲಿ ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ರಾಜವಂಶಗಳ ಕಾಲನಿರ್ಣಯವು ಬಹುಮಟ್ಟಿಗೆ ಇಂತಹ ಶಾಸನಗಳಿಂದಲೇ ಸಾಧ್ಯವಾಯಿತು. ಆದರೂ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಮಣ್ಣು ಮುಚ್ಚಿದ ವೀರಗಲ್ಲುಗಳುಂಟು; ಮೋರಿಗೆ ಹಾಸಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಅಕ್ಷರ ಸವೆದವುಗಳೂ ಉಂಟು. ಅಕ್ಷರ ಅಳಿದ ಬಳಿಕ ಕಾಠಿಣ್ಯದ ಅರ್ಥವೊಂದು ಉಳಿಯುವುದು, ನಂಬಿಕೆಯ ಅರ್ಥವು ನಷ್ಟವಾಗುವುದು. ಊರೂರಿನ ಹಿರಿಯರು ತಮ್ಮ ಊರಿನ ಶಾಸನಗಳನ್ನೂ ವೀರಗಲ್ಲುಗಳನ್ನೂ ಗುರುತಿಸಿ ನೆರಳಿನಲ್ಲಿ ನಿಲ್ಲಿಸಿದರೆ ಈ ಪುರಾತನ ಪದವು ತನ್ನ ಪೂರ್ಣಾರ್ಥದೊಡನೆ ಬಾಳುವುದು.