ಸಾವಯವ ಆಹಾರ: ಕರ್ನಾಟಕದ ಮಾರುಕಟ್ಟೆ

ರಾಸಾಯನಿಕ ಗೊಬ್ಬರ, ಕೃತಕ ಕೀಟನಾಶಕ, ಕುಲಾಂತರಿ ಬೀಜ ಬಳಸದೆ ಬೆಳೆದ ಆಹಾರ. ತಿಪ್ಪೆಗೊಬ್ಬರ ನಂಬಿದ್ದ ಕಾಲದಲ್ಲಿ ಇದಕ್ಕೊಂದು ಹೆಸರೇ ಬೇಕಿರಲಿಲ್ಲ. ಹಸಿರು ಕ್ರಾಂತಿಯೊಡನೆ ಯೂರಿಯಾ ಮೂಟೆ ಊರೂರು ತಲುಪಿದ ಮೇಲೆ ಬೇಕಾಯಿತು. ಕನ್ನಡದಲ್ಲಿ ಈ ವಿಚಾರ ಮೊದಲು ಬಂದದ್ದು ಅಂಗಡಿಯಿಂದಲ್ಲ, ಹೊಲ ಮತ್ತು ಪುಸ್ತಕಗಳಿಂದ. ಜಪಾನಿನ ಕೃಷಿಕ ಫುಕುವೋಕಾ ಅವರ ಚಿಂತನೆಯನ್ನು ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ಯಲ್ಲಿ ಪರಿಚಯಿಸಿದರು; ದೊಡ್ಡಬಳ್ಳಾಪುರದ ಬಳಿ ರೈತ ಎಲ್. ನಾರಾಯಣ ರೆಡ್ಡಿ ಸಾವಯವ ಕೃಷಿಯನ್ನು ತಮ್ಮ ಹೊಲದಲ್ಲೇ ಮಾಡಿ ತೋರಿಸಿದರು. ರಾಜ್ಯ ಸರ್ಕಾರ ಸಾವಯವ ಕೃಷಿ ನೀತಿಯನ್ನು ತಂದದ್ದು 2004ರಲ್ಲಿ.

ಕೊಳ್ಳುವವನು ಬೆಳೆಯುವವನಿಂದ ದೂರವಾದಾಗ ನಂಬಿಕೆಗೆ ಕಾಗದ ಬೇಕಾಯಿತು. ಕೇಂದ್ರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ 2001ರಲ್ಲಿ ಆರಂಭವಾಯಿತು. ಅದು ವಾಣಿಜ್ಯ ಸಚಿವಾಲಯದ ಕೂಸು; ಕಣ್ಣಿದ್ದದ್ದು ರಫ್ತಿನ ಮೇಲೆ. ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುವ ಈ ಪದ್ಧತಿಯ ಖರ್ಚು ಸಣ್ಣ ಹಿಡುವಳಿದಾರನಿಗೆ ಭಾರ. ರಾಸಾಯನಿಕ ಬಿಟ್ಟ ಮೇಲೂ ಹೊಲ ‘ಪರಿವರ್ತನೆ’ಯ ವರ್ಷಗಳನ್ನು ಕಳೆಯಬೇಕು, ಆ ಅವಧಿಯಲ್ಲಿ ಇಳುವರಿ ಇಳಿಯಬಹುದು, ಸಾವಯವದ ಬೆಲೆಯೂ ಸಿಗದು. ರೈತರ ಗುಂಪಿನಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸಾಕ್ಷಿಯಾಗುವ ಪಿಜಿಎಸ್ ಪದ್ಧತಿ ಇದಕ್ಕೆ ಅಗ್ಗದ ಪರ್ಯಾಯ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳು ಎರಡನ್ನೂ ಒಪ್ಪಿ ‘ಜೈವಿಕ್ ಭಾರತ್’ ಮುದ್ರೆ ನೀಡಿದವು.

‘ನಾಟಿ’, ‘ಜವಾರಿ’, ‘ನ್ಯಾಚುರಲ್’ ಎಂಬ ಚೀಟಿಗಳಿಗೆ ಸಾವಯವ ಎಂಬ ಅರ್ಥವಿಲ್ಲ. ಜವಾರಿ ಎಂಬುದು ತಳಿಯ ಮಾತು. ಗಾಣದ ಎಣ್ಣೆ ಎಂದರೆ ಹಿಂಡಿದ ಬಗೆ ಮಾತ್ರ. ಶೇಂಗಾಕ್ಕೆ ಏನು ಸಿಂಪಡಿಸಿದ್ದರೋ ಗಾಣ ಹೇಳುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಜಾಹೀರಾತಿನಷ್ಟು ಧೈರ್ಯ ವಿಜ್ಞಾನಕ್ಕಿಲ್ಲ. 2012ರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರಿಶೀಲನೆ ಪೋಷಕಾಂಶಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕೀಟನಾಶಕದ ಶೇಷ ಮಾತ್ರ ಸಾವಯವದಲ್ಲಿ ಕಡಿಮೆಯಿತ್ತು. 343 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ನ್ಯೂಕ್ಯಾಸಲ್ ತಂಡ ಸಾವಯವ ಬೆಳೆಗಳಲ್ಲಿ ಆಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದಿತು. ಅದರಿಂದ ತಿನ್ನುವವರ ಕಾಯಿಲೆ ಕಡಿಮೆಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹೊಲದಲ್ಲಿ ಔಷಧಿ ಹೊಡೆಯುವ ಕೂಲಿಯವರಿಗೆ ಆಗುವ ಲಾಭ ಹೆಚ್ಚು ಸ್ಪಷ್ಟ. ಜಾಹೀರಾತಿನಲ್ಲಿ ಅವರು ಕಾಣುವುದಿಲ್ಲ.

ಬೆಂಗಳೂರಿನಲ್ಲಿ 2017ರಿಂದ ನಡೆದ ಮೇಳಗಳು ಸಾವಯವವನ್ನೂ ಸಿರಿಧಾನ್ಯವನ್ನೂ ಒಂದೇ ಚಪ್ಪರದಡಿ ತಂದವು. ಮಾರಾಟಕ್ಕೆ ಒಳ್ಳೆಯ ಜೋಡಿ, ತಿಳಿವಳಿಕೆಗೆ ಅಷ್ಟಲ್ಲ: ರಾಗಿಯ ಸುಣ್ಣದಂಶ ರಾಗಿಯದೇ ಗುಣ, ಯೂರಿಯಾ ಹಾಕಿ ಬೆಳೆದ ರಾಗಿಯಲ್ಲೂ ಅದಿದೆ. ಇನ್ನು ಕಾಗದದ ಮಾತಿಗೆ ಮರಳಿದರೆ, ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರ ಗ್ರಾಹಕನಿಗೆ ನೇರವಾಗಿ ಮಾರಿದರೆ ಪ್ರಮಾಣಪತ್ರ ಕಡ್ಡಾಯವಲ್ಲ. ಅಲ್ಲಿ ಮತ್ತೆ ಮುಖಪರಿಚಯವೇ ಗತಿ.