ಅರೆತಲೆನೋವು

ತಲೆಯ ಒಂದೇ ಪಕ್ಕದಲ್ಲಿ ಮಿಡಿಯುವ ನೋವಿಗೆ ಕನ್ನಡದಲ್ಲಿರುವ ‘ಅರೆತಲೆನೋವು’ ಎಂಬ ಪದವೂ, ಅರ್ಧ ತಲೆಬುರುಡೆ ಎಂಬರ್ಥದ ಗ್ರೀಕಿನ ‘ಹೆಮಿಕ್ರೇನಿಯಾ’ ಲ್ಯಾಟಿನ್, ಫ್ರೆಂಚ್‌ಗಳಲ್ಲಿ ಸವೆದು ಉಳಿದ ‘ಮೈಗ್ರೇನ್’ ಎಂಬ ಪದವೂ ಒಂದೇ ಲಕ್ಷಣವನ್ನು ಹಿಡಿದು ಹುಟ್ಟಿದವು. ನೋವು ಎರಡೂ ಪಕ್ಕ ಬರಬಹುದಾದ್ದರಿಂದ ಹೆಸರು ಪೂರ್ತಿ ನಿಜವಲ್ಲ. ಸಂಸ್ಕೃತದಲ್ಲಿ ಇದು ‘ಅರ್ಧಾವಭೇದಕ’, ಅಂದರೆ ಅರ್ಧವನ್ನು ಸೀಳುವಂಥದು; ಆಯುರ್ವೇದದ ಪ್ರಾಚೀನ ಗ್ರಂಥ ಚರಕಸಂಹಿತೆಯ ಸಿದ್ಧಿಸ್ಥಾನ ಎಂಬ ಭಾಗವು ಇದರ ಕಾರಣಗಳಲ್ಲಿ ಆಯಾಸ, ವ್ಯಾಯಾಮಗಳನ್ನೂ ಸೇರಿಸಿರುವುದು ಗಮನಾರ್ಹ, ಏಕೆಂದರೆ ಕೆಲವರಲ್ಲಿ ಕಠಿಣ ದೇಹಶ್ರಮವು ಈ ನೋವನ್ನು ಕೆರಳಿಸುವುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕು ಹೊಳಪು, ಕೈಜೋಮು, ಮಾತಿನ ತಡವರಿಕೆ ತೋರುವ ನರಸಂಬಂಧಿ ಹಂತಕ್ಕೆ ‘ಆರಾ’ ಎಂದು ಹೆಸರು. ಗ್ರೀಕಿನಲ್ಲಿ ಈ ಪದಕ್ಕೆ ತಂಗಾಳಿ ಎಂದರ್ಥ. ಶ್ರಮದ ನಡುವೆ ಮೊದಲ ಬಾರಿ ಹಠಾತ್ತನೆ ಎರಗುವ ತೀವ್ರ ತಲೆನೋವನ್ನು ಮಾತ್ರ ಅರೆತಲೆನೋವೆಂದು ಕರೆದು ಸುಮ್ಮನಿರಲಾಗದು. ಅದು ಮಿದುಳಿನ ರಕ್ತಸ್ರಾವವೂ ಆಗಿರಬಹುದು.