ಮೇಯುವ ಕುದುರೆಗಳ ಎರಡು ವಿರಳ ರೋಗಗಳು: ನಾಮವಿಚಾರ

ಹಸ್ತಪ್ರತಿಯೊಂದರಲ್ಲಿ ಅಪಪಾಠ ನೆಲೆಗೊಂಡರೆ ಮುಂದಿನ ಲಿಪಿಕಾರರೂ ಅದನ್ನೇ ಅನುಸರಿಸುವರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ರೋಗನಾಮಗಳಲ್ಲಿಯೂ ಹೀಗಾಗುವುದುಂಟು. ಅಭಿನವಚಂದ್ರನ ‘ಅಶ್ವವೈದ್ಯ’ದಂತಹ ಗ್ರಂಥಗಳನ್ನು ಸಂಪಾದಿಸುವವರು, ಲಕ್ಷಣಸಾಮ್ಯ ಮಾತ್ರದಿಂದ ಆಧುನಿಕ ರೋಗದ ಹೆಸರನ್ನು ಟಿಪ್ಪಣಿಯಲ್ಲಿ ಸೇರಿಸುವ ಮೊದಲು, ಯೂರೋಪಿನ ಹುಲ್ಲುಗಾವಲುಗಳ ಎರಡು ಅಶ್ವರೋಗಗಳ ಇತಿಹಾಸವನ್ನು ಅರಿತಿರುವುದು ಲೇಸು.

ಮೊದಲನೆಯದು ನರಗಳಿಗೆ ಸಂಬಂಧಿಸಿದುದು. 20ನೆಯ ಶತಮಾನದ ಮೊದಲ ದಶಕದಲ್ಲಿ ಸ್ಕಾಟ್‌ಲೆಂಡಿನ ಡಂಡೀ ನಗರದ ಸಮೀಪ, ಸೈನಿಕ ಶಿಬಿರದ ಕುದುರೆಗಳಲ್ಲಿ ಇದು ಗುರುತಿಸಲ್ಪಟ್ಟಿತು. ಮೇಯಲು ಬಿಟ್ಟ ಕುದುರೆಗಳಿಗೇ ಬಂದುದರಿಂದ ‘ಹುಲ್ಲುಬೇನೆ’ ಎಂಬರ್ಥದ ಹೆಸರು ಬಿದ್ದಿತು. ಕುದುರೆಗೆ ಮೇವು ನುಂಗಲಾಗದು. ಕರುಳಿನ ಚಲನೆ ನಿಲ್ಲುತ್ತದೆ. ಮೈ ಬೆವರಿ, ಸ್ನಾಯುಗಳು ನಡುಗಿ, ಕಣ್ಣೆವೆ ಜೋಲುತ್ತದೆ. ತೀವ್ರವಾದರೆ ಎರಡು ದಿನಗಳೊಳಗೆ ಮರಣ. 1920ರ ದಶಕದಲ್ಲಿ ಬಾಟ್ಯುಲಿನಮ್ ಎಂಬ ಸೂಕ್ಷ್ಮಜೀವಿಯ ವಿಷವೇ ಕಾರಣವೆಂಬ ಪಕ್ಷ ಹುಟ್ಟಿತು. 1955ರಲ್ಲಿ ಸ್ವೀಡನ್ನಿನ ಓಬೆಲ್ ಅವರು, ಕರುಳು ಮುಂತಾದವುಗಳನ್ನು ನಡೆಸುವ ನರಗಂಟುಗಳ ಕೋಶಗಳು ಕೆಟ್ಟಿರುವುದನ್ನು ವಿವರಿಸಿದರು. ಆದರೂ ಮೂಲಕಾರಣ ಇಂದಿಗೂ ನಿರ್ಣಯವಾಗಿಲ್ಲ. ಹುಲ್ಲಿನ ದೋಷವನ್ನು ಯಾರೂ ಸಿದ್ಧಪಡಿಸಿಲ್ಲ. ಹೆಸರು ಮಾತ್ರ ನೂರು ವರ್ಷಗಳಿಂದ ನಿಂತಿದೆ.

ಎರಡನೆಯದು ಸ್ನಾಯುರೋಗ. ಕಠಿಣ ದುಡಿಮೆಯ ಬಳಿಕ ಸ್ನಾಯು ಕೆಡುವುದು ಅಶ್ವಪಾಲಕರಿಗೆ ತಿಳಿದದ್ದೇ. ಇಲ್ಲಾದರೋ ಸುಮ್ಮನೆ ಮೇಯುತ್ತಿದ್ದ ಕುದುರೆ ಹಠಾತ್ತಾಗಿ ಬಲಗುಂದಿ, ಕಪ್ಪು ಮೂತ್ರ ಹೊಯ್ದು, ನೆಲಕ್ಕೊರಗಿ, ಬಹುಪಾಲು ಮೂರು ದಿನಗಳೊಳಗೆ ಸಾಯುತ್ತದೆ. ಅದಕ್ಕೆಂದೇ ‘ಅಸಾಮಾನ್ಯ’ವೆಂಬ ವಿಶೇಷಣ. ಅಜ್ಞಾನವನ್ನು ಒಪ್ಪಿಕೊಂಡ ಈ ಹೆಸರು ‘ಹುಲ್ಲುಬೇನೆ’ಗಿಂತ ಪ್ರಾಮಾಣಿಕವಾದುದು. ಇದರ ಕಾರಣ ದೊರೆತುದು ಹುಲ್ಲಿನಲ್ಲಲ್ಲ, ಹುಲ್ಲಿನ ಮೇಲೆ ಉದುರಿದ ಬೀಜದಲ್ಲಿ. 2013ರಲ್ಲಿ ಅಮೆರಿಕದ ಬಾಕ್ಸ್ ಎಲ್ಡರ್ ಮರದ ಬೀಜದಲ್ಲಿಯೂ, 2014ರಲ್ಲಿ ಯೂರೋಪಿನ ಸಿಕಮೋರ್ ಮೇಪಲ್ ಮರದಲ್ಲಿಯೂ ಹೈಪೊಗ್ಲೈಸಿನ್ ವಿಷದ ಸಂಬಂಧ ಪ್ರಕಟವಾಯಿತು. ಇದು ಕೊಬ್ಬಿನಿಂದ ಶಕ್ತಿ ಪಡೆಯುವ ಕ್ರಿಯೆಯನ್ನು ತಡೆದು ಸ್ನಾಯುವನ್ನು ಬಳಲಿಸುತ್ತದೆ. ಜಮೈಕದಲ್ಲಿ ಬಲಿಯದ ಆಕೀ ಹಣ್ಣನ್ನು ತಿಂದ ಮನುಷ್ಯರನ್ನು ಕೊಲ್ಲುವ ವಿಷವೂ ಇದೇ. ಶರತ್ಕಾಲದಲ್ಲಿ ಉದುರುವ ರೆಕ್ಕೆಬೀಜಗಳೂ ವಸಂತದ ಮೊಳಕೆಗಳೂ ಅಪಾಯಕರ.

ನಮ್ಮ ಅಂಟುವಾಳವು ಇದೇ ಸಸ್ಯಕುಟುಂಬಕ್ಕೆ ಸೇರಿದ್ದರೂ, ಸಿಕಮೋರ್ ಮೇಪಲ್ ಯೂರೋಪಿನ ಮರ; ಕನ್ನಡನಾಡಿನದಲ್ಲ. ಆದುದರಿಂದ ಹಳೆಯ ಗ್ರಂಥದಲ್ಲಿ ನಡುಕ, ಬೆವರು, ಕಪ್ಪು ಮೂತ್ರಗಳು ಕಂಡುಬಂದಾಗ ಲಕ್ಷಣವನ್ನು ಮೂಲದಲ್ಲಿರುವಂತೆಯೇ ಕೊಟ್ಟು, ಆಧುನಿಕ ನಾಮವನ್ನು ಬಿಡುವುದೇ ಯುಕ್ತ.